‘ಸ್ಕೂಲಲ್ಲಿ ಏನಾಯ್ತು?’ ಅಂದರೆ ‘ಏನಿಲ್ಲ’. ನಿಮ್ಮ ಮನೆಯಲ್ಲೂ ಹೀಗೇನಾ?

ಕುವೆಂಪುನಗರದ ಅಮ್ಮ

ನನ್ನ ಮಗಳು ಮೂರನೇ ಕ್ಲಾಸು. ಮೈಸೂರಿನಲ್ಲೇ ಒಂದು ಖಾಸಗಿ ಶಾಲೆ, ಸ್ಟೇಟ್ ಸಿಲಬಸ್. ಸಂಜೆ ವ್ಯಾನ್ ಇಳಿದ ಕೂಡಲೇ ಕೇಳುತ್ತೇನೆ. ಇವತ್ತು ಏನ್ ಮಾಡಿದ್ರಿ? "ಏನಿಲ್ಲ." ಡಬ್ಬಿ ಖಾಲಿ ಮಾಡಿದ್ಯಾ? "ಹ್ಞೂಂ." ಮಿಸ್ ಏನಂದ್ರು? "ಏನೂ ಅನ್ಲಿಲ್ಲಮ್ಮ." ಅಲ್ಲಿಗೆ ಮುಗಿಯಿತು.

ಇದೇ ಹುಡುಗಿ ರಾತ್ರಿ ಮಂಡ್ಯದ ಅಜ್ಜಿಗೆ ಫೋನ್ ಮಾಡಿದರೆ ಬಾಯಿಗೆ ಬಿಡುವೇ ಇಲ್ಲ. ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಟೂ ಬಿಟ್ಟರು, ಡ್ಯಾನ್ಸಿಗೆ ಯಾರನ್ನು ಸೇರಿಸಿಕೊಂಡರು, ಎಲ್ಲಾ ಬರುತ್ತದೆ. ಅವಳನ್ನು ಮುಂದಿನ ಬೆಂಚಿನಿಂದ ಹಿಂದಕ್ಕೆ ಕೂರಿಸಿದ್ದು ನನಗೆ ಗೊತ್ತಾಗಿದ್ದು ಹಾಗೆಯೇ, ಅಡುಗೆಮನೆಯಲ್ಲಿ ನಿಂತು ಆ ಫೋನ್ ಕೇಳಿಸಿಕೊಂಡು. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಬೇರೆ ಅಮ್ಮಂದಿರಿಗೆ ನನ್ನ ಮಗಳ ವಿಷಯ ನನಗಿಂತ ಜಾಸ್ತಿ ಗೊತ್ತಿರುತ್ತದೆ. ನೀವೆಲ್ಲಾ ಮಕ್ಕಳನ್ನು ಹೇಗೆ ಮಾತಾಡಿಸುತ್ತೀರಿ?

ಚನ್ನಪಟ್ಟಣದ ಟೀಚರ್

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಮಗು ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆಯವರೆಗೆ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಬಂದಿರುತ್ತದೆ. ಗೇಟಿನಲ್ಲಿ ಮತ್ತೆ ಪ್ರಶ್ನೆ ಶುರುವಾದರೆ ಅದಕ್ಕೂ ಸಾಕಾಗುತ್ತದೆ ಅಲ್ವಾ? ಮೊದಲು ಏನಾದರೂ ತಿನ್ನಲು ಕೊಡಿ. ಕೈಕಾಲು ತೊಳೆಯಲಿ. ಆಮೇಲೆ ನೋಡೋಣ.

ಎರಡನೆಯದು, "ಏನ್ ಮಾಡಿದೆ?" ಅನ್ನುವುದು ದೊಡ್ಡವರಿಗೂ ಕಷ್ಟದ ಪ್ರಶ್ನೆ. ನಿಮ್ಮ ಯಜಮಾನರು ಆಫೀಸಿನಿಂದ ಬಂದಾಗ ಕೇಳಿ ನೋಡಿ, ಅವರೂ "ಏನಿಲ್ಲ" ಅಂತಲೇ ಹೇಳುತ್ತಾರೆ. ಹಿಡಿದುಕೊಳ್ಳಲು ಒಂದು ತುದಿ ಕೊಡಬೇಕು. ನಮ್ಮ ಶಾಲೆಯಲ್ಲಿ ಮೊಟ್ಟೆ ಕೊಡುತ್ತೇವೆ, ಬೇಡ ಅನ್ನುವವರಿಗೆ ಬಾಳೆಹಣ್ಣು. "ಇವತ್ತು ಮೊಟ್ಟೆ ತಿಂದ್ಯಾ, ಹಣ್ಣು ತಗೊಂಡ್ಯಾ?" ಅಂತ ಕೇಳುವ ಅಮ್ಮಂದಿರ ಮಕ್ಕಳು ಪೂರ್ತಿ ಕಥೆ ಹೇಳುತ್ತಾರಂತೆ. ಯಾರು ಹಳದಿ ಭಾಗ ಬಿಸಾಕಿದರು, ಯಾರು ಎರಡನೇದು ಕೇಳಿ ಬೈಸಿಕೊಂಡರು, ಅಷ್ಟೂ. ಹಾಲಿಗೆ ರಾಗಿ ಮಾಲ್ಟ್ ಹಾಕುವ ದಿನವಾದರೆ ಅದರದ್ದೇ ಇನ್ನೊಂದು ಕಥೆ.

ಇನ್ನೊಂದು ವಿಷಯ ಬಹಳ ಪೋಷಕರಿಗೆ ಗೊತ್ತಿರುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಗೆ ನಲಿ-ಕಲಿ ಇದೆ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಅಲ್ಲಿ ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ, ಮಗು ತನ್ನ ಮೆಟ್ಟಿಲು ನೋಡಿಕೊಂಡು ಕಾರ್ಡು ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಅಪ್ಪ "ಯಾವ ಪಾಠ ಆಯ್ತು, ಎಷ್ಟು ಪುಟ ಆಯ್ತು?" ಅಂತ ಕೇಳಿದರೆ ಮಗು "ಯಾವುದೂ ಇಲ್ಲ" ಅನ್ನುತ್ತದೆ. ಅದು ಸುಳ್ಳಲ್ಲ, ಆ ಥರ ಪಾಠವೇ ಅಲ್ಲಿಲ್ಲ. "ನಿನ್ನ ಕಾರ್ಡಿನಲ್ಲಿ ಯಾವ ಚಿತ್ರ ಇತ್ತು? ಗುಂಪಿನಲ್ಲಿ ಪಕ್ಕ ಯಾರಿದ್ದರು?" ಅಂತ ಕೇಳಿ. ಶಾಲೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಪ್ರಶ್ನೆ ತಾನಾಗೇ ಸರಿಯಾಗುತ್ತದೆ.

ಹುಬ್ಬಳ್ಳಿ ಅಪ್ಪ

ನಮ್ಮ ಹುಡುಗ ಎದುರಿಗೆ ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡುವುದಿಲ್ಲ ನೋಡ್ರಿ. ಗಾಡಿ ಮೇಲೆ ಹಿಂದೆ ಕೂತರೆ ಮಾತ್ರ ಶುರು. ವಿದ್ಯಾನಗರದಿಂದ ಗೋಕುಲ ರೋಡ್ ತನಕ ನನ್ನ ಬೆನ್ನಿಗೆ ಎಲ್ಲಾ ಹೇಳುತ್ತಾನೆ. ಅರ್ಧ ಗಾಳಿಗೆ ಹೋಗುತ್ತದೆ, ಆದರೂ ಅಡ್ಡಿ ಇಲ್ಲ. ಮುಖ ನೋಡಿ ಹೇಳಲು ಮಕ್ಕಳಿಗೆ ಏನೋ ಸಂಕೋಚ. ನಮ್ಮ ಹುಬ್ಬು ಮೇಲೇರಿದ್ದು ಅವರಿಗೆ ಕಾಣುತ್ತದಲ್ಲ.

ಅವರೆಕಾಯಿ ಅಕ್ಕ, ಕೋಲಾರ

ಹೌದು. ಕೈಗೆ ಕೆಲಸ ಇದ್ದಾಗ ಮಾತು ಬರುತ್ತದೆ. ಚಳಿಗಾಲದಲ್ಲಿ ಅವರೆಕಾಯಿ ಬಿಡಿಸಲು ಕೂರಿಸಿಕೊಂಡರೆ ನಮ್ಮ ಮನೆಯಲ್ಲಿ ಶಾಲೆಯ ಸುದ್ದಿಗೆ ಬರವೇ ಇಲ್ಲ. ಹಿತುಕುವುದಕ್ಕೆ ಕೂತರೆ ಇನ್ನೂ ಜಾಸ್ತಿ.

ಶಿವಮೊಗ್ಗದ ಹಳಬ

ಇದೆಲ್ಲಾ ಸ್ವಲ್ಪ ಅತಿಯಾಯಿತು ಅನ್ನಿಸುತ್ತದೆ. ನಾನು ಯಾವ ಕ್ಲಾಸು ಅಂತ ನಮ್ಮಪ್ಪನಿಗೆ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆ "ಹೋಗ್ತಾ ಇದ್ದಾನೆ" ಅನ್ನುತ್ತಿದ್ದರು. ನಮಗೇನು ಕಮ್ಮಿ ಆಯ್ತು? ಮಕ್ಕಳಿಗೂ ಅವರದ್ದೇ ಒಂದು ಲೋಕ ಇರಲಿ ಬಿಡಿ. ದಿನಾ ವರದಿ ಒಪ್ಪಿಸಲು ಅವರೇನು ಗುಮಾಸ್ತರೇ?

ಕುಂದಾಪುರದವಳು

@ಶಿವಮೊಗ್ಗದ ಹಳಬ, ಅವರ ಲೋಕ ಅವರಿಗಿರಲಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ "ಏನು ಕಮ್ಮಿ ಆಯ್ತು" ಅನ್ನುವುದು ಪಾಸಾದವರ ಮಾತು. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ಏಟಿಗೆ ಹೆದರಿ ಶಾಲೆಯನ್ನೇ ಬಿಟ್ಟ. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ. ಸೀದಾ ಮುಂಬೈ ಹೋಟೆಲಿಗೆ ಹೋದ. ಈಗಾದರೆ ಹೊಡೆಯುವುದು, ಅವಮಾನ ಮಾಡುವುದು ಎರಡೂ ಕಾನೂನಿಗೆ ವಿರುದ್ಧ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನಿನಲ್ಲೇ ಇದೆ. ಆದರೆ ಮಗು ಬಾಯಿ ಬಿಟ್ಟರೆ ತಾನೇ ಕಾನೂನು ಕೆಲಸಕ್ಕೆ ಬರುವುದು.

ಇನ್ನೊಂದು. ಆಗ ನಮ್ಮನ್ನು ಕೇಳುವವರು ಇರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಗದ್ದೆ ಅಂಚಿನಲ್ಲಿ ಹಿಂಡು ಮಕ್ಕಳು ನಡೆದು ಬರುತ್ತಿದ್ದೆವು. ಅಳುವುದು, ಜಗಳ, ಸಮಾಧಾನ, ಎಲ್ಲಾ ದಾರಿಯಲ್ಲೇ ಮುಗಿಯುತ್ತಿತ್ತು. ಅಕ್ಕ ಅದೇ ಶಾಲೆಯಲ್ಲಿ ಇರುತ್ತಿದ್ದಳು, ದೊಡ್ಡಮ್ಮನ ಮಕ್ಕಳು ಇರುತ್ತಿದ್ದರು. ಅಪ್ಪನಿಗೆ ಗೊತ್ತಾಗದಿದ್ದರೂ ಯಾರಿಗೋ ಗೊತ್ತಾಗುತ್ತಿತ್ತು. ಈಗಿನ ಮಗು ವ್ಯಾನಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಮನೆಗೆ. ಹೇಳಿಕೊಳ್ಳಲು ಉಳಿದವರು ಅಪ್ಪ ಅಮ್ಮ ಇಬ್ಬರೇ. ಅವರೂ ಪರೀಕ್ಷೆ ತೆಗೆದುಕೊಳ್ಳುವ ಹಾಗೆ ಕೇಳಿದರೆ ಮಗು ಎಲ್ಲಿಗೆ ಹೋಗಬೇಕು?

ಬನಶಂಕರಿ, ಇಬ್ಬರ ತಾಯಿ

ಇಲ್ಲಿವರೆಗೆ ಎಲ್ಲರೂ ಹೇಗೆ ಕೇಳಬೇಕು ಅನ್ನುವುದನ್ನೇ ಹೇಳಿದ್ದೀರಿ. ನನಗನ್ನಿಸುವುದು ಬೇರೆ. ಪ್ರಶ್ನೆ ಎಷ್ಟೇ ಚೆನ್ನಾಗಿರಲಿ, ಹೋದ ಸಲ ಹೇಳಿದಾಗ ಏನಾಯಿತು ಅಂತ ಮಗು ನೆನಪಿಟ್ಟುಕೊಂಡಿರುತ್ತದೆ. ಮುಂದಿನ ಮಾತು ನಿಂತಿರುವುದು ಅದರ ಮೇಲೆ.

ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಡೆದದ್ದು ಹೇಳುತ್ತೇನೆ. ಎರಡನೇ ಕ್ಲಾಸಿನ ಒಬ್ಬ ಹುಡುಗ ಮನೆಗೆ ಬಂದು "ಅವನು ನನ್ನ ಸ್ಕೆಚ್ ಪೆನ್ ಕಿತ್ಕೊಂಡ" ಅಂದ. ಅಪ್ಪ, "ನೀನ್ಯಾಕೆ ಕೊಟ್ಟೆ? ತಿರುಗಿ ಕೇಳೋಕೆ ಬಾಯಿಲ್ವಾ?" ಅಂತ ಹುಡುಗನಿಗೇ ಬೈದರು. ಅಮ್ಮ ರಾತ್ರಿಯೇ ಗುಂಪಿನಲ್ಲಿ ಮೆಸೇಜ್ ಹಾಕಿದರು. ಆ ಕಡೆಯ ಅಮ್ಮ ಉತ್ತರ ಕೊಟ್ಟರು. ಹತ್ತು ಗಂಟೆಯ ಹೊತ್ತಿಗೆ ಇಡೀ ಕ್ಲಾಸಿನ ತಂದೆತಾಯಂದಿರು ಒಂದು ಪೆನ್ನಿನ ಸುತ್ತ ಕೂತಿದ್ದರು. ಬೆಳಿಗ್ಗೆ ಕ್ಲಾಸಿನಲ್ಲಿ ಇವನಿಗೆ "ಚಾಡಿಕೋರ" ಅಂತ ಹೆಸರು ಬಿತ್ತು. ಅವನು ಮತ್ತೆ ಹೇಳುತ್ತಾನಾ? "ಏನಿಲ್ಲ" ಅನ್ನುವುದೇ ಕ್ಷೇಮ ಅಂತ ಕಲಿತುಬಿಟ್ಟ.

ಬೈಯುವುದು ಒಂದೇ ಅಲ್ಲ. ಮಗು ಗುಟ್ಟಾಗಿ ಹೇಳಿದ್ದನ್ನು ಸ್ಪೀಕರ್ ಹಾಕಿ ಅತ್ತೆಗೆ ಹೇಳಿ ನಗುವುದು, ಪ್ರತಿ ಮಾತಿನ ಕೊನೆಗೆ ಬುದ್ಧಿಮಾತು ಸೇರಿಸುವುದು, ಟೀಚರ್ ಬೈದರು ಅಂದರೆ "ನೀನೇನೋ ಮಾಡಿರ್ತೀಯ" ಅನ್ನುವುದು, ಇದೆಲ್ಲಾ ಮಗುವಿನ ಲೆಕ್ಕಕ್ಕೆ ಹೋಗುತ್ತದೆ. ಅಜ್ಜಿಗೆ ಯಾಕೆ ಎಲ್ಲಾ ಹೇಳುತ್ತಾರೆ ಅಂತ ಮೊದಲ ಪೋಸ್ಟಿನಲ್ಲಿ ಕೇಳಿದ್ದರಲ್ಲ, ಅಜ್ಜಿ ಮಂಡ್ಯದಲ್ಲಿ ಕೂತು ಏನೂ ಮಾಡಲಾರರು. "ಅಯ್ಯೋ ಹೌದಾ, ಆಮೇಲೆ?" ಅನ್ನುತ್ತಾರೆ ಅಷ್ಟೇ. ಮಗುವಿಗೆ ಬೇಕಾಗಿರುವುದು ಆ "ಆಮೇಲೆ?"

ನಾನು ಮಕ್ಕಳನ್ನು ನೇರವಾಗಿ ಕೇಳುತ್ತೇನೆ: "ಇದಕ್ಕೆ ನಾನೇನಾದರೂ ಮಾಡಬೇಕಾ, ಸುಮ್ನೆ ಕೇಳಿಸಿಕೊಂಡರೆ ಸಾಕಾ?" ಹೆಚ್ಚಿನ ಸಲ "ಸುಮ್ನೆ ಕೇಳು" ಅನ್ನುತ್ತಾರೆ. "ನೀನು ಬಂದು ಮಿಸ್ ಹತ್ರ ಮಾತಾಡು" ಅಂದ ದಿನ ಅದು ನಿಜವಾಗಿ ದೊಡ್ಡ ವಿಷಯ ಅಂತ ಗೊತ್ತಾಗುತ್ತದೆ.

ಕುವೆಂಪುನಗರದ ಅಮ್ಮ

ಅಜ್ಜಿಯ ಮಾತು ಸರಿಯಾಗಿ ಮುಟ್ಟಿತು. ಆದರೆ ಹೋಮ್‌ವರ್ಕ್, ಟೆಸ್ಟ್ ಮಾರ್ಕ್ಸ್ ಕೇಳದೇ ಇರಲು ಆಗುತ್ತದಾ? ಎಲ್ಲದಕ್ಕೂ "ಆಮೇಲೆ?" ಅಂತ ಕೂತರೆ ರಾತ್ರಿ ಒಂಬತ್ತಕ್ಕೆ "ಅಮ್ಮ, ನಾಳೆ ಚಾರ್ಟ್ ತಗೊಂಡು ಹೋಗಬೇಕು" ಅಂತಾಳೆ.

ಹಾಸನದ ಹೈಸ್ಕೂಲ್ ಮೇಷ್ಟ್ರು

ಒಂಬತ್ತು ಗಂಟೆಯ ಚಾರ್ಟ್ ಸಮಸ್ಯೆಗೆ ಯಾವ ಕಾಯ್ದೆಯೂ ಇಲ್ಲ ಮೇಡಂ. ಒಂದಷ್ಟು ಚಾರ್ಟ್ ಹಾಳೆ ತಂದು ಮನೆಯಲ್ಲಿಟ್ಟುಕೊಳ್ಳಿ.

ಹೋಮ್‌ವರ್ಕ್ ಕೇಳಿ, ಆದರೆ ಅದಕ್ಕೆ ಬೇರೆ ಹೊತ್ತು ಇರಲಿ. ಈಗ ಶಾಲೆಯ ಆ್ಯಪ್‌ನಲ್ಲಿ ಬಂದೇ ಬಂದಿರುತ್ತದೆ. ನಿಮಗೆ ಮೊದಲೇ ಗೊತ್ತಿರುವುದನ್ನು ಮಗುವಿನ ಬಾಯಲ್ಲಿ ಹೇಳಿಸಲು ಹೋದರೆ ಅದು ತನಿಖೆ ಅಂತ ಅದಕ್ಕೂ ತಿಳಿಯುತ್ತದೆ. ಒಂದು ಮಾತು ಸೇರಿಸುತ್ತೇನೆ. ನಮ್ಮ ರಾಜ್ಯದಲ್ಲಿ 2019ರ ಆದೇಶದ ಪ್ರಕಾರ ಒಂದು, ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡುವ ಹಾಗಿಲ್ಲ. ಬ್ಯಾಗಿನ ತೂಕ ಆ ಎರಡು ತರಗತಿಗೆ 1.5ರಿಂದ 2 ಕೆ.ಜಿ., ಮೂರರಿಂದ ಐದಕ್ಕೆ 2ರಿಂದ 3 ಕೆ.ಜಿ. ಒಂದು ದಿನ ಮಗಳ ಬ್ಯಾಗನ್ನು ತೂಕಕ್ಕೆ ಇಟ್ಟು ನೋಡಿ. ಜಾಸ್ತಿ ಇದ್ದರೆ ಅದು ಶಾಲೆಯ ಜೊತೆ ಆಡಬೇಕಾದ ಮಾತು, ಮಗುವಿನ ಜೊತೆಯಲ್ಲ. "ಯಾಕೆ ಅಷ್ಟು ಬುಕ್ ತುಂಬಿಕೊಂಡು ಹೋಗ್ತೀಯ" ಅಂತ ಮಗುವಿಗೆ ಬೈದು ಏನು ಪ್ರಯೋಜನ?

ಮಾರ್ಕ್ಸ್ ವಿಷಯ. ಎಫ್‌ಎ ಅಂದರೆ ನಡುನಡುವಿನ ಸಣ್ಣ ಟೆಸ್ಟ್, ಎಸ್‌ಎ ಅಂದರೆ ಅವಧಿಯ ಕೊನೆಯ ದೊಡ್ಡ ಪರೀಕ್ಷೆ. ಎಫ್‌ಎ ಒಂದು, ಎರಡು, ಆಮೇಲೆ ದಸರಾ ಹೊತ್ತಿಗೆ ಎಸ್‌ಎ ಒಂದು. ರಜೆ ಮುಗಿದ ಮೇಲೆ ಎಫ್‌ಎ ಮೂರು, ನಾಲ್ಕು, ಕೊನೆಗೆ ಎಸ್‌ಎ ಎರಡು. ಅಂದರೆ ವರ್ಷವಿಡೀ ಒಂದಲ್ಲ ಒಂದು ನಡೆಯುತ್ತಲೇ ಇರುತ್ತದೆ. ಪ್ರತಿ ಸಲ "ಎಷ್ಟು ಬಂತು? ಪಕ್ಕದವಳಿಗೆ ಎಷ್ಟು?" ಅಂದರೆ ಮಗುವಿಗೆ ಶಾಲೆ ಅಂದರೆ ನಂಬರ್ ಅಷ್ಟೇ ಆಗುತ್ತದೆ. ಉತ್ತರ ಪತ್ರಿಕೆ ಸಹಿಗೆ ಬರುತ್ತದಲ್ಲ, ಸಹಿ ಹಾಕುವ ಮೊದಲು ಒಳಗಿನ ಪುಟ ತಿರುವಿ. "ಈ ಪ್ರಶ್ನೆ ಯಾಕೆ ಬಿಟ್ಟೆ, ಗೊತ್ತಿರಲಿಲ್ವಾ, ಟೈಮ್ ಆಗಲಿಲ್ವಾ?" ಅನ್ನಿ. ಗೊತ್ತಿದ್ದೂ ಬಿಟ್ಟ ಮಕ್ಕಳು ನನ್ನ ಕ್ಲಾಸಿನಲ್ಲಿ ಬೇಕಾದಷ್ಟಿದ್ದಾರೆ. ಅಕ್ಷರ ನಿಧಾನ, ಇಲ್ಲವೇ ಬೋರ್ಡು ಕಾಣುವುದಿಲ್ಲ. ಹಿಂದಿನ ಬೆಂಚಿಗೆ ಹೋದ ಮಗು ಅಂದಿರಿ. ಬೋರ್ಡು ಕಾಣುತ್ತದಾ ಅಂತ ಕೇಳಿದ್ದೀರಾ?

ಪೀಣ್ಯ ಗಾರ್ಮೆಂಟ್ಸ್

ನಾನು ವಾಯ್ಸ್‌ನಲ್ಲಿ ಹೇಳಿ ಟೈಪ್ ಮಾಡಿಸುತ್ತಿದ್ದೇನೆ, ತಪ್ಪಿದ್ದರೆ ಬೇಜಾರಾಗಬೇಡಿ. ನಾನು ಓದಿದ್ದು ಐದನೇ ಕ್ಲಾಸು, ಕನ್ನಡದಲ್ಲಿ. ಮಗಳು ಆರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಡ್ಯೂಟಿ ಮುಗಿಸಿ ಮನೆಗೆ ಬರುವಾಗ ಏಳು ಗಂಟೆ. ಏನಾದರೂ ಕೇಳಿದರೆ "ನಿಂಗೆ ಅರ್ಥ ಆಗಲ್ಲ ಬಿಡಮ್ಮ" ಅಂತಾಳೆ. ನಿಜ, ಅರ್ಥ ಆಗುವುದಿಲ್ಲ. ನಮ್ಮಂಥವರು ಏನು ಮಾತಾಡಬೇಕು?

ಚನ್ನಪಟ್ಟಣದ ಟೀಚರ್

ಅಕ್ಕ, ನಿಮಗೆ ಪಾಠ ಗೊತ್ತಿಲ್ಲದೇ ಇರುವುದೇ ಒಳ್ಳೆಯದಾಯಿತು ಅಂದುಕೊಳ್ಳಿ. ಓದಿದ ಅಪ್ಪ ಅಮ್ಮ ಕೇಳಲು ಶುರು ಮಾಡಿ ಕಲಿಸಲು ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಲಾರಿರಿ. ವಿಜ್ಞಾನದ ಪುಸ್ತಕ ತೆಗೆಸಿ ಒಂದು ಚಿತ್ರ ತೋರಿಸಿ, "ಇದೇನು, ನಂಗೆ ಕನ್ನಡದಲ್ಲಿ ಹೇಳು" ಅನ್ನಿ. ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅವಳಿಗೆ ಅರ್ಥವಾಗಿದೆ ಅಂತ. ತಡವರಿಸಿದರೆ ಉರು ಹೊಡೆದಿದ್ದಾಳೆ ಅಂತ. ಇದನ್ನು ಪತ್ತೆ ಮಾಡಲು ನಿಮಗೆ ಇಂಗ್ಲಿಷ್ ಬೇಡ.

ಮಗಳು ಸ್ಟೇಟ್ ಸಿಲಬಸ್ ಆದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಕನ್ನಡ ಮಾಧ್ಯಮದ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಗಣಿತ, ವಿಜ್ಞಾನದ ಪುಸ್ತಕ ಮೊಬೈಲಿಗೆ ಇಳಿಸಿಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ಇಬ್ಬರೂ ಕೂತು ನೋಡಿ. ಅವಳು ಇಂಗ್ಲಿಷ್ ಓದಲಿ, ನೀವು ಕನ್ನಡ ಓದಿ. ದಿನಾ ಬೇಡ, ಭಾನುವಾರ ಸಾಕು.

ಮತ್ತೆ, ನಿಮ್ಮ ಕೆಲಸದ ವಿಷಯ ಅವಳಿಗೆ ಹೇಳುತ್ತೀರಾ? ಇವತ್ತು ಲೈನಿನಲ್ಲಿ ಯಾರು ಬಂದಿರಲಿಲ್ಲ, ಸೂಪರ್‌ವೈಸರ್ ಏನಂದರು, ಟಾರ್ಗೆಟ್ ಮುಟ್ಟಿತೋ ಇಲ್ಲವೋ, ಅದೆಲ್ಲಾ. ನಾವು ನಮ್ಮ ದಿನದ ಬಗ್ಗೆ ಒಂದು ಮಾತೂ ಹೇಳದೆ ಮಕ್ಕಳ ದಿನ ಮಾತ್ರ ಕೇಳಿದರೆ ಅದು ಒಂದು ಕಡೆಯ ವ್ಯಾಪಾರ.

ಪೀಣ್ಯ ಗಾರ್ಮೆಂಟ್ಸ್

ಟಾರ್ಗೆಟ್ ವಿಷಯ ಅವಳಿಗೆ ಯಾವತ್ತೂ ಹೇಳಿಲ್ಲ. ಬೇಜಾರು ಮಾಡ್ಕೋತಾಳೆ ಅಂತ. ಹೇಳಿ ನೋಡುತ್ತೇನೆ.

ದಾವಣಗೆರೆ, ಆಪ್ತ ಸಮಾಲೋಚಕಿ

ಮೇಲಿನದ್ದೆಲ್ಲಾ ಸಾಮಾನ್ಯ "ಏನಿಲ್ಲ"ಕ್ಕೆ ಸರಿ. ಇನ್ನೊಂದು ಥರದ "ಏನಿಲ್ಲ" ಇದೆ, ಅದನ್ನೂ ಗುರುತಿಸಬೇಕು. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ರಜೆ ದಿನ ಮಾಯ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರು. ಯಾವುದೋ ಒಂದು ವ್ಯಾನು, ಒಂದು ಟ್ಯೂಷನ್, ಇಲ್ಲಾ ಒಬ್ಬ ಮನುಷ್ಯ ಅಂದರೆ ಮಾತ್ರ ಹಿಂಜರಿಕೆ. ಇದ್ದಕ್ಕಿದ್ದ ಹಾಗೆ ಗೆಳೆಯರ ಹೆಸರು ಮಾತಿನಲ್ಲಿ ಬರುವುದೇ ನಿಲ್ಲುವುದು. ಇದರಲ್ಲಿ ಒಂದು ಕಂಡ ಮಾತ್ರಕ್ಕೆ ಗಾಬರಿ ಬೇಡ, ಆದರೆ ಬಿಟ್ಟುಬಿಡಲೂ ಬೇಡಿ.

ಕೆಲವು ಸಲ ಕಾರಣ ಬಹಳ ಸಣ್ಣದು, ಆದರೆ ದಿನದಿನವೂ ಕಾಡುವಂಥದ್ದು. ಮನೆಗೆ ಬಂದವಳೇ ಬ್ಯಾಗ್ ಎಸೆದು ಬಚ್ಚಲಿಗೆ ಓಡುವ ಹೆಣ್ಣುಮಗು ಇದ್ದರೆ ನೀರಿನ ಬಾಟಲಿ ನೋಡಿ. ತುಂಬಿದ್ದು ತುಂಬಿದ ಹಾಗೇ ಇರುತ್ತದೆ. ಶಾಲೆಯ ಟಾಯ್ಲೆಟ್ ಗಲೀಜು, ಇಲ್ಲಾ ಚಿಲಕ ಇಲ್ಲ, ಅದಕ್ಕೆ ಮಗು ನೀರೇ ಕುಡಿಯುವುದಿಲ್ಲ. ಇದನ್ನು ಯಾವ ಮಗುವೂ ತಾನಾಗಿ ಹೇಳುವುದಿಲ್ಲ. ನಾಚಿಕೆ.

ದೊಡ್ಡ ವಿಷಯ ಏನಾದರೂ ಮಗು ಹೇಳಿದರೆ ಮೊದಲು "ನೀನು ಹೇಳಿದ್ದು ಒಳ್ಳೇದಾಯ್ತು" ಅನ್ನಿ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅನ್ನಲೇಬೇಡಿ. ಮಗುವಿನ ಬಾಯಿಗೆ ನಿಮ್ಮ ಮಾತು ತುರುಕಬೇಡಿ, "ಅವರು ಹೀಗೆ ಮಾಡಿದ್ರಾ, ಹಾಗೆ ಮಾಡಿದ್ರಾ?" ಅಂತ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ, ಹೇಳಬೇಕಾಗಿ ಬರಬಹುದು. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೋ ಕಾಯ್ದೆ ಇದೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಪೊಲೀಸರು ಸಮವಸ್ತ್ರದಲ್ಲಿ ಇರುವ ಹಾಗಿಲ್ಲ. ಇದು ಗೊತ್ತಿಲ್ಲದೆ "ಸ್ಟೇಷನ್ನಿಗೆ ಅಲೆಸಬೇಕಾ" ಅಂತ ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ಮಕ್ಕಳ ಸಹಾಯವಾಣಿ 1098, ಮಗುವೇ ಫೋನ್ ಮಾಡಬಹುದು. ಮನಸ್ಸಿನ ಒತ್ತಡಕ್ಕೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ತುಮಕೂರು ಬಸ್

ಎಲ್ಲಾ ಸರಿ. ಆದರೆ ಶಾಲೆಗೆ ಹೋಗಿ ಮಾತಾಡಿದರೆ ಸಿಟ್ಟನ್ನು ಮಗುವಿನ ಮೇಲೆ ತೀರಿಸುತ್ತಾರೆ ಅನ್ನುವ ಭಯ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ?

ಹಾಸನದ ಹೈಸ್ಕೂಲ್ ಮೇಷ್ಟ್ರು

ಆ ಭಯ ಸುಳ್ಳು ಅಂತ ಹೇಳಲಾರೆ. ಹಾಗೆ ಮಾಡುವವರೂ ಇದ್ದಾರೆ. ಆದರೆ ಗುಂಪಿನಲ್ಲಿ ಎಲ್ಲರೆದುರು ಹಾಕಿದರೆ ಒಳ್ಳೆಯ ಟೀಚರ್ ಕೂಡ ಮುಖ ಗಂಟು ಹಾಕಿಕೊಳ್ಳುತ್ತಾರೆ. ಕ್ಲಾಸ್ ಟೀಚರನ್ನು ಮೊದಲು ಒಬ್ಬರನ್ನೇ ಕಾಣಿ. "ಮನೆಯಲ್ಲಿ ಹೀಗಿದ್ದಾಳೆ, ಇಲ್ಲಿ ಹೇಗಿರುತ್ತಾಳೆ?" ಅಂತ ಶುರು ಮಾಡಿ. ದೂರು ಆಮೇಲೆ. ಮಗಳಿಗೂ ಮೊದಲೇ ತಿಳಿಸಿ ಹೋಗಿ, ಅವಳ ಬೆನ್ನ ಹಿಂದೆ ಬೇಡ. ಆಗಲಿಲ್ಲ ಅಂದರೆ ಮುಖ್ಯ ಶಿಕ್ಷಕರು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ, ಅದರಲ್ಲಿ ಇರುವವರು ನಿಮ್ಮಂಥ ಪೋಷಕರೇ.

ಚನ್ನಪಟ್ಟಣದ ಟೀಚರ್

ಇದಕ್ಕೆ ಒಂದು ಸೇರಿಸಬೇಕು. ನಮ್ಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡುತ್ತಾರೆ. ಮನೆಯಲ್ಲಿ "ಏನಿಲ್ಲ" ಅನ್ನುವ ಮಕ್ಕಳೇ ಅಲ್ಲಿ ಮೈಕ್ ಹಿಡಿದು ಟಾಯ್ಲೆಟ್ಟಿಗೆ ನೀರಿಲ್ಲ, ಕಾಂಪೌಂಡ್ ಬಿದ್ದಿದೆ, ಬಸ್ ನಿಲ್ಲಿಸುವುದಿಲ್ಲ ಅಂತ ಹೇಳುವುದನ್ನು ಕಣ್ಣಾರೆ ಕಂಡಿದ್ದೇನೆ. ಪಿಡಿಒ ಬರೆದುಕೊಳ್ಳುತ್ತಾರೆ, ಅಧ್ಯಕ್ಷರು ಎದ್ದು ಉತ್ತರ ಕೊಡಬೇಕು. ಎಲ್ಲಾ ಕೆಲಸ ಆಗುತ್ತದೆ ಅಂತಲ್ಲ. ಆದರೆ ಬನಶಂಕರಿಯವರು ಹೇಳಿದ್ದು ಇಲ್ಲೂ ಅನ್ವಯಿಸುತ್ತದೆ. ಒಂದು ವರ್ಷ ಹೇಳಿದ ನಲ್ಲಿ ಮುಂದಿನ ವರ್ಷದೊಳಗೆ ಬಂದರೆ ಮಾರನೇ ಸಭೆಗೆ ಕೈ ಎತ್ತುವ ಮಕ್ಕಳು ಹೆಚ್ಚುತ್ತಾರೆ. ಬರದಿದ್ದರೆ ಮೈಕ್ ಮುಂದೆಯೂ "ಏನಿಲ್ಲ ಸರ್".

ಶಿವಮೊಗ್ಗದ ಹಳಬ

ಟೀಚರಮ್ಮನ ಮೊಟ್ಟೆ ಪ್ರಶ್ನೆಯನ್ನು ಬೆಂಗಳೂರಿನ ಮೊಮ್ಮಗನಿಗೆ ಫೋನಿನಲ್ಲಿ ಕೇಳಿದೆ. "ತಾತ, ನಮ್ಮ ಸ್ಕೂಲಿಗೆ ಮೊಟ್ಟೆ ತಂದ್ರೆ ಡಬ್ಬಿ ವಾಪಸ್ ಕಳಿಸ್ತಾರೆ" ಅಂದ. ಯಾರದ್ದು ಕಳಿಸಿದರು ಅಂದೆ. ಅಷ್ಟೇ, ಊಟ ಆರಿಹೋಯಿತು. ನನ್ನ ಮೊದಲಿನ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ, ದಿನಾ ವರದಿ ಬೇಡವೇ ಬೇಡ. ವಾರಕ್ಕೊಂದು ಸಲ ಇಂಥದ್ದು ಅಡ್ಡಿಯಿಲ್ಲ.

ಹುಬ್ಬಳ್ಳಿ ಅಪ್ಪ

ಒಂದು ಪ್ರಶ್ನೆ ನನ್ನದೂ ಇದೆ. ಗಾಡಿ ಹಿಂದೆ ಕೂರುವವನು ಸಣ್ಣವನು. ದೊಡ್ಡ ಮಗಳು ಈ ಸಲ ಎಸ್‌ಎಸ್‌ಎಲ್‌ಸಿ. ಅವಳ ಜೊತೆ ನಾನು ಆಡುವ ಮಾತು ಒಂದೇ ಆಗಿಬಿಟ್ಟಿದೆ, "ಓದಿದ್ಯಾ?" ಅವಳದ್ದು ಒಂದೇ ಉತ್ತರ, "ಹ್ಞಾಂ." ಬರುವ ನೆಂಟರೂ ಅದನ್ನೇ ಕೇಳುತ್ತಾರೆ.

ಬನಶಂಕರಿ, ಇಬ್ಬರ ತಾಯಿ

ನೆಂಟರಿಗೆ ನೀವೇ ಅಡ್ಡ ನಿಲ್ಲಿ ಸರ್. "ಅವಳ ಓದಿನ ವಿಷಯ ಬೇಡ, ಬೇರೆ ಮಾತಾಡಿ" ಅಂತ ಅವಳ ಎದುರೇ ಹೇಳಿ. ಅವಳು ಮರೆಯುವುದಿಲ್ಲ.

ಹಾಸನದ ಹೈಸ್ಕೂಲ್ ಮೇಷ್ಟ್ರು

ಮತ್ತೆ ಈ ಒಂದು ವಿಷಯವನ್ನು ಈಗಲೇ ಹೇಳಿ, ಮಾರ್ಚ್ ತನಕ ಕಾಯಬೇಡಿ. 2024ರಿಂದ ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಫೇಲಾದವರು ಮಾತ್ರವಲ್ಲ, ಅಂಕ ಕಮ್ಮಿ ಬಂತು ಅನ್ನುವವರೂ ಮತ್ತೆ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. ಹಳೆಯ "ಸಪ್ಲಿಮೆಂಟರಿ" ಅನ್ನುವ ಹಣೆಪಟ್ಟಿ ಈಗ ಇಲ್ಲ. ಮಕ್ಕಳಿಗೆ ಇದು ಶಾಲೆಯಲ್ಲಿ ಗೊತ್ತಾಗಿರುತ್ತದೆ. ಆದರೆ ಅಪ್ಪನಿಗೂ ಗೊತ್ತು, ಅಪ್ಪನಿಗೂ ಒಪ್ಪಿಗೆ ಇದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು.

ಹುಬ್ಬಳ್ಳಿ ಅಪ್ಪ

ಅಂಕ ಜಾಸ್ತಿ ಮಾಡಿಕೊಳ್ಳಲೂ ಬರೆಯಬಹುದು ಅನ್ನುವುದು ನನಗೇ ಗೊತ್ತಿರಲಿಲ್ಲ ಸರ್. ಇವತ್ತು ಟ್ಯೂಷನ್ನಿಂದ ಅವಳನ್ನು ಕರೆತರುವುದು ನನ್ನ ಪಾಳಿ. ಹಿಂದಿನ ಸೀಟಿನಲ್ಲಿ ಅವಳೇ ಇರುತ್ತಾಳೆ, ಗಾಳಿ ಜೋರಿದ್ದರೂ ಗಟ್ಟಿಯಾಗಿ ಹೇಳುತ್ತೇನೆ.